ಪರದೆಯ ಮೇಲೆ ಸೈಮಿಯ ಮನೆ

ಬಿಸಿ ಹಬೆಯಲ್ಲಿ ನೆನೆದ ಸಿಮೆಂಟಿನ ವಾಸನೆಯೆಂದರೆ ಐಲಿಗೆ ಬಾಲ್ಯ. ಅಪ್ಪನ ಸಿಮೆಂಟ್ ಬ್ಲಾಕ್ ಕಾರ್ಖಾನೆಯಲ್ಲಿ ಬ್ಲಾಕು ಗಟ್ಟಿಯಾಗಿಸುವ ಹಬೆಕೋಣೆ ತೆರೆದೊಡನೆ ಆ ವಾಸನೆ ಬೆಚ್ಚಗೆ ಮುಖಕ್ಕೆ ಬಡಿಯುತ್ತಿತ್ತು. ಚಳಿಗಾಲದಲ್ಲಿ ಶಾಲೆಗೆ ಹೊರಟವಳು ಅಲ್ಲಿ ನಿಂತು ಕೈ ಕಾಯಿಸಿಕೊಳ್ಳುವಳು. ಅಪ್ಪ ಬಾಗಿಲನ್ನು ಇನ್ನಷ್ಟು ಹೊತ್ತು ಹಿಡಿದುಕೊಂಡಿರುತ್ತಿದ್ದ.

ಎಂಜಿನಿಯರಿಂಗ್ ಓದಿದ ಮೇಲೂ ಅವಳು ಬ್ಲಾಕನ್ನು ಬಿಡಲಿಲ್ಲ. ಬ್ಲಾಕ್ ತಯಾರಕರೆಲ್ಲ ತಮ್ಮ ಮಾರಾಟದ ಹಣದಲ್ಲಿ ಒಂದು ಚೂರು ಕೂಡಿಟ್ಟು ನಡೆಸುವ ಮಂಡಳಿಗೆ ಸಲಹೆಗಾರ್ತಿಯಾದಳು. ಅಮೆರಿಕದ ಮಿಶಿಗನ್ನಿನ ಉತ್ತರದ ಕಾಡುಸೀಮೆಯಲ್ಲಿ ಊರೂರು ತಿರುಗಿ, ಬ್ಲಾಕಿನಲ್ಲೇ ಕಟ್ಟಿ ಎಂದು ಒಪ್ಪಿಸುವುದು, ಒಪ್ಪಿದವರಿಗೆ ಗೋಡೆಯ ವಿನ್ಯಾಸವನ್ನು ಪುಕ್ಕಟೆ ಮಾಡಿಕೊಡುವುದು ಅವಳ ಕೆಲಸ.

ಆ ಶನಿವಾರ ಬೆಳಗ್ಗೆ ಒಂದು ಊರಿನ ಸಭಾಭವನಕ್ಕೆ ಬಂದಿದ್ದಳು. ವಯಸ್ಸಾದವರಿಗೆಂದು ಊರಿನವರು ಕಟ್ಟಿಸುವ ಮನೆಗಳ ಸಾಲು ಮರದ್ದೋ ಬ್ಲಾಕಿನದೋ ಎಂದು ಅಂದು ತೀರ್ಮಾನವಾಗಬೇಕು. ಪಕ್ಕದ ಅಡುಗೆಮನೆಯಲ್ಲಿ ಚರ್ಚಿನ ಹೆಂಗಸರು ಹಿಟ್ಟಿನ ಹಾಳೆಯಲ್ಲಿ ಮಾಂಸ, ಗಡ್ಡೆ ತುಂಬಿ ಪಾಸ್ಟಿಯೆಂಬ ಕಡುಬು ಮಡಚುತ್ತಿದ್ದರು. ಚಿತ್ರ ತೋರಿಸಲು ಲ್ಯಾಪ್‌ಟಾಪಿಗೆ ತಂತಿ ಜೋಡಿಸುತ್ತಿದ್ದ ಐಲಿಗೆ ಅವರಲ್ಲೊಬ್ಬ ಮುದುಕಿ ಕಾಫಿ ತಂದಿಟ್ಟಳು.

"ಕುಡಿಯಮ್ಮ, ಆಮೇಲೆ ತಂತಿ ಜೋಡ್ಸು. ನಾನು ಸೈಮಿ. ಇಲ್ಲಿ ಕಟ್ಟಿದ್ರೆ ಮೊದಲ್ನೇ ಮನೆ ನಂದೇ. ಬೆಂಕೀಲಿ ಎಲ್ಲಾ ಹೋಯ್ತಲ್ಲ, ಈಗ ತಂಗಿ ಮನೆ ಸೋಫಾನೇ ಗತಿ."

"ಅಯ್ಯೋ. ಎಲ್ಲಿತ್ತು ನಿಮ್ಮನೆ?"

"ಕೆರೆ ರಸ್ತೇಲಿ. ಹಳದಿ ಬಾಗಿಲು. ನಮ್ಮ ಯಜಮಾನ್ರೂ ಒಳಗೇ ಉಳಿದ್ರು."

ಐಲಿ ಕಾಫಿ ಲೋಟ ಕೆಳಗಿಟ್ಟಳು. ಹೋದ ವಸಂತದಲ್ಲಿ ಆ ರಸ್ತೆಯಲ್ಲಿ ಕಾರು ನಿಲ್ಲಿಸಿ ಅವಳು ಒಂದು ಚಿತ್ರ ತೆಗೆದಿದ್ದಳು: ಕರಕಲಾದ ಮರದ ಗೋಡೆ, ಅರ್ಧ ಉಳಿದ ಹಳದಿ ಬಾಗಿಲು, ಮೆಟ್ಟಿಲ ಮೇಲೆ ಗಂಡಸಿನ ಒಂದು ಜೊತೆ ಬೂಟು. ಯಾರ ಮನೆಯೆಂದು ವಿಚಾರಿಸಿರಲಿಲ್ಲ. ಅದನ್ನು ತೋರಿಸಿದಲ್ಲೆಲ್ಲ ಜನ ಬ್ಲಾಕಿಗೆ ಒಪ್ಪಿದ್ದರು. ಇವತ್ತು ಅದು ಬೇಡ, ಹಾರಿಸಿಬಿಡೋಣ ಎಂದುಕೊಂಡಳು.

ಸಭೆಯಲ್ಲಿ ಮರದ ಮಿಲ್ಲಿನ ವೈನೊ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಅಲ್ಲ ಮೇಡಂ, ನಮ್ಮ ಮುದುಕ್ರನ್ನ ಜೈಲಿಗೆ ಹಾಕ್ಬೇಕಾ? ಬ್ಲಾಕು ದನದ ಕೊಟ್ಟಿಗೆಗೆ ಸರಿ."

"ಕೊಟ್ಟಿಗೇಲಿ ನಿನ್ನ ನೆಂಟ್ರೇ ಇರೋದಲ್ವೇನೋ!" ಎಂದರು ಯಾರೋ. ಎಲ್ಲರೂ ನಕ್ಕರು.

ಐಲಿ ಗೋಡೆಯ ಬಲ ವಿವರಿಸಿದಳು, ಬಣ್ಣ ಬಣ್ಣದ ಕಟ್ಟಡ ತೋರಿಸಿದಳು. ಯಾರ ಮನಸ್ಸೂ ಅಲುಗಲಿಲ್ಲ. "ಕಾಡಲ್ಲಿ ಹುಟ್ಟಿದೋರಿಗೆ ಮರದ ಭಯ ಹುಟ್ಸೋಕೆ ನಿಮ್ಮ ಮಂಡಳಿ ಸಂಬಳ ಕೊಡುತ್ತಾ?" ಎಂದ ವೈನೊ. ಕೆಲವರು ಚಪ್ಪಾಳೆ ತಟ್ಟಿದರು. ಅವಳ ಕಿವಿ ಬಿಸಿಯಾಯಿತು. ಸೋಲುವುದು ಖಚಿತವೆನ್ನಿಸಿತು. ಬೆರಳು ಗುಂಡಿಯನ್ನು ಒತ್ತಿಯೇಬಿಟ್ಟಿತು.

ಪರದೆಯ ತುಂಬ ಹಳದಿ ಬಾಗಿಲು.

ಆ ಬಾಗಿಲು ಊರಿನವರಿಗೆಲ್ಲ ಗೊತ್ತು. ವೈನೊ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಮುಂದಿನ ಸಾಲಿನಲ್ಲಿದ್ದ ಸೈಮಿ ನಿಧಾನವಾಗಿ ಎದ್ದು ಅಡುಗೆಮನೆಗೆ ಹೋದಳು. ತೀರ್ಮಾನಕ್ಕೆ ಕೈ ಎತ್ತಿಸಿದರು. ಎತ್ತಿದ ಕೈಗಳೆಲ್ಲ ಬ್ಲಾಕಿಗೇ.

ಅಭಿನಂದಿಸಲು ಬಂದವರ ಮುಖವನ್ನು ಐಲಿ ನೋಡಲಾರದೆ ಹೋದಳು. ನೇರವಾಗಿ ಅಡುಗೆಮನೆಗೆ ನಡೆದಳು. ಸೈಮಿ ಬೆನ್ನು ತಿರುಗಿಸಿ ಹಿಟ್ಟು ಲಟ್ಟಿಸುತ್ತಿದ್ದಳು.

"ನಿಮ್ಮ ಮನೆ ಅಂತ ಗೊತ್ತಿತ್ತು. ಗೊತ್ತಿದ್ದೂ ತೋರಿಸ್ದೆ."

ಲಟ್ಟಣಿಗೆ ನಿಂತಿತು. "ಎಷ್ಟು ಊರಲ್ಲಿ ತೋರ್ಸಿದೀಯ?"

"ತುಂಬಾ."

"ಎಲ್ರೂ ಅವರ ಬೂಟು ನೋಡಿದಾರೆ. ಹೆಸರು ಯಾರಿಗೂ ಗೊತ್ತಿಲ್ಲ. ಐನಾರ್ ಅಂತ."

ಐಲಿ ಲ್ಯಾಪ್‌ಟಾಪನ್ನು ಹಿಟ್ಟಿನ ಮೇಜಿನ ಮೇಲೇ ತೆರೆದು ಚಿತ್ರವನ್ನು ಅಳಿಸಿದಳು. ಅಳಿಸುವುದು ಇಷ್ಟು ಸುಲಭವೆಂಬುದೇ ಅವಳನ್ನು ಇನ್ನೂ ಕುಗ್ಗಿಸಿತು. "ಆಫೀಸಲ್ಲಿ ಬೇರೆಯವರ ಹತ್ರಾನೂ ಇದೆ. ಸೋಮವಾರ ತೆಗೆಸ್ತೀನಿ. ಆದ್ರೆ ನೋಡಿದೋರ ಕಣ್ಣಿಂದ ತೆಗೆಯಕ್ಕಾಗಲ್ಲ."

"ಆಗಲ್ಲ," ಎಂದಳು ಸೈಮಿ. ಪರವಾಗಿಲ್ಲ ಎನ್ನಲಿಲ್ಲ. "ಗೋಡೆ ಚೆನ್ನಾಗಿ ಕಟ್ಟಿಸು. ನಾನೇ ಇರ್ಬೇಕಾದ್ದು ಅಲ್ಲಿ."

"ದಿನಾ ಬಂದು ನೋಡ್ತೀನಿ."

"ದಿನಾ ಬರ್ಬೇಡ. ಸರಿಯಾಗಿ ನೋಡು, ಸಾಕು."

ಐಲಿ ಕೋಟಿನ ಗುಂಡಿ ಹಾಕತೊಡಗಿದಳು. ಒಂದು ಗುಂಡಿ ತಪ್ಪು ತೂತಿಗೆ ಹೋಯಿತು; ಬಿಚ್ಚಿ ಮತ್ತೆ ಹಾಕಿದಳು. ಸೈಮಿ ಅದನ್ನು ಒಂದು ಕ್ಷಣ ನೋಡಿದಳು. ಒಲೆಯಿಂದ ಒಂದು ಪಾಸ್ಟಿ ತೆಗೆದು, ಕಾಗದದಲ್ಲಿ ಸುತ್ತಿ, ಬಿಸಿ ಆರದಂತೆ ಮೇಲೊಂದು ಬಟ್ಟೆ ಬಿಗಿದು, ಅವಳ ಕೈಗಿತ್ತಳು.