ಕೆನ್ನೆಗೆ ತಾಗುವ ಗಾಳಿ

ಕೊರಟಗೆರೆಯ ಸಂತೆ ಬೀದಿಯಲ್ಲಿ ನಾಗಲಿಂಗಯ್ಯನ ರಿಪೇರಿ ಅಂಗಡಿಗೆ ಬೋರ್ಡು ಅಂತ ಏನೂ ಇಲ್ಲ. ಬಾಗಿಲ ಚೌಕಟ್ಟಿಗೆ ಕೆಟ್ಟುಹೋದ ಔಷಧಿ ಪಂಪೊಂದನ್ನು ತೂಗುಹಾಕಿದ್ದಾನೆ, ಅದೇ ಗುರುತು. ಮುಂದುಗಡೆ ಅಂಗಡಿ, ಹಿಂದುಗಡೆ ಮನೆ, ನಡುವೆ ಒಂದು ಬಾಗಿಲು. ಬೆಳೆಗೆ ಔಷಧಿ ಹೊಡೆಯುವ ಪಂಪು, ಸೀಮೆಎಣ್ಣೆ ಸ್ಟೌ, ಸೈಕಲ್ಲಿನ ಪಂಪು, ಹೀಗೆ ಗಾಳಿ ತುಂಬಿಸಿ ಕೆಲಸ ಮಾಡಿಸುವಂಥದ್ದು ಏನೇ ಇದ್ದರೂ ಸುತ್ತಮುತ್ತಲ ಊರಿನವರು ಅವನ ಮುಂದೆ ತಂದಿಡುತ್ತಿದ್ದರು. ನಲವತ್ತು ವರ್ಷದಿಂದ ಅದೇ ಕೆಲಸ. ತೊಗಲಿನ ವಾಶರುಗಳನ್ನು ಕತ್ತರಿಸಿ ಎಣ್ಣೆಯಲ್ಲಿ ನೆನೆಹಾಕುವುದು ಹೆಂಡತಿ ಅಶ್ವತ್ಥಮ್ಮನ ಪಾಲು.

ಗಾಳಿ ಎಲ್ಲಿ ಸೋರುತ್ತದೆ ಅಂತ ಹಿಡಿಯುವುದರಲ್ಲಿ ನಾಗಲಿಂಗಯ್ಯ ಎತ್ತಿದ ಕೈ. ಮೊದಲೆಲ್ಲ ಪಂಪನ್ನು ಕಿವಿಯ ಹತ್ತಿರ ಹಿಡಿದು, ಒಂದೇ ಉಸಿರಿಗೆ ಇಲ್ಲಿ ಅಂತ ಬೆರಳಿಟ್ಟು ತೋರಿಸುತ್ತಿದ್ದ. ಮೂರು ವರ್ಷದಿಂದ ರೀತಿ ಬದಲಾಗಿತ್ತು. ಈಗ ಕೆನ್ನೆಗೆ ನೀರು ಸವರಿಕೊಳ್ಳುತ್ತಾನೆ. ಪಂಪಿನ ಮೂತಿಯನ್ನು ಆ ಒದ್ದೆ ಕೆನ್ನೆಗೆ ಒತ್ತಿಹಿಡಿದು, ಹೆಬ್ಬೆರಳಲ್ಲಿ ಹಿಡಿಕೆ ಅದುಮುತ್ತಾನೆ. ಎಳೆಯಷ್ಟು ಗಾಳಿ ಬಂದರೂ ಕೆನ್ನೆ ತಣ್ಣಗಾಗುತ್ತದೆ. ನೋಡಿದವರು ಇದೂ ಒಂದು ಕೈಚಳಕ ಅಂದುಕೊಂಡರು. ಅವನ ಕಿವಿ ಹೋಗಿದೆ ಅಂತ ಅಶ್ವತ್ಥಮ್ಮನಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆ ಮಾತನ್ನು ಮಾತ್ರ ಆ ಮನೆಯಲ್ಲಿ ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ. ಗಿರಾಕಿಗಳ ಮಾತನ್ನು ಅವನು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ; ಫೋನು ಬಂದರೆ ಅವಳೇ ಎತ್ತುತ್ತಿದ್ದಳು. ಅವನನ್ನು ಕರೆಯಬೇಕಾದರೆ ಅಂಗಡಿಯ ದೀಪವನ್ನು ಎರಡು ಸಲ ಹಾಕಿ ಆರಿಸುತ್ತಿದ್ದಳು.

ಆ ದಿನ ಬೆಳಿಗ್ಗೆ ತೋವಿನಕೆರೆಯ ಗಂಗಹನುಮಯ್ಯ ಗೋಣಿಚೀಲದಲ್ಲಿ ಸುತ್ತಿದ್ದ ಉದ್ದನೆಯ ಸಾಮಾನೊಂದನ್ನು ಹಿಡಿದು ಬಂದ. ಬಿಚ್ಚಿದರೆ ಏರ್ ಗನ್ನು. ಕೊಂಡು ಒಂದೂವರೆ ತಿಂಗಳಾಗಿತ್ತಂತೆ, ಮರದ ಹಿಡಿಯ ಮೆರುಗು ಹೋಗಿರಲಿಲ್ಲ. ಕಡಲೆಕಾಯಿ ಹೊಲಕ್ಕೆ ಕೋತಿಯ ಕಾಟ. ಕೋತಿಗೆ ಹೊಡೆದು ಪಾಪ ಕಟ್ಟಿಕೊಳ್ಳುವವನಲ್ಲ ಅವನು; ಹೊಲದ ಬೇವಿನ ಮರಕ್ಕೊಂದು ತಗಡು ಕಟ್ಟಿದ್ದ. ಗುಂಡು ತಗಡಿಗೆ ಬಡಿದು ಟಣ್ ಅಂದರೆ ಹಿಂಡಿಗೆ ಹಿಂಡೇ ಓಡುತ್ತಿತ್ತು. ಈಗ ಗುಂಡು ಎಡಕ್ಕೆ ಎಳೆಯುತ್ತಿದೆ, ಹೊಡೆತದಲ್ಲಿ ಜೀವವಿಲ್ಲ, ತಗಡಿನವರೆಗೂ ಹೋಗುತ್ತಿಲ್ಲ ಅಂತ ಅವನ ದೂರು.

ನಳಿಗೆಯ ಕೆಳಗಿನ ಮರದ ತುಂಡನ್ನು ಮಡಚಿ ಬಿಡಿಸಿ ಮಡಚಿ ಗಾಳಿ ತುಂಬಬೇಕು ಅಂತ ಅವನೇ ತೋರಿಸಿಕೊಟ್ಟ. ಹೊಸದು, ನೀರು ತಾಗಿಸಬೇಡ, ತುಕ್ಕು ಹಿಡಿಯುತ್ತದೆ ಅಂತಲೂ ಹೇಳಿದ. ಜೊತೆಗೆ ಬಂದಿದ್ದ ಪುಸ್ತಕ ಇಂಗ್ಲಿಷಿನಲ್ಲಿತ್ತು. ನಾಗಲಿಂಗಯ್ಯ ಅದನ್ನು ತೆರೆಯದೆ ಪಕ್ಕಕ್ಕಿಟ್ಟ.

"ಗನ್ನಾದ್ರೇನು, ಪಂಪಾದ್ರೇನು, ಗಾಳಿ ಒಂದೇ ಕಣಯ್ಯ" ಅಂದ.

"ಅಂಗನ್ಬೇಡ ನಾಗಲಿಂಗಣ್ಣ, ಪಂಪು ಮೈಮೇಲೆ ಔಷ್ದಿ ಹಾರಿಸ್ತೈತೆ ಅಷ್ಟೆ. ಇದು ಕಣ್ಣೇ ತೆಗೀತೈತೆ" ಅಂತ ಗಂಗಹನುಮಯ್ಯ ನಕ್ಕ.

ಒಳಗೆ ಗುಂಡಿದೆಯೇ ಅಂತ ಅಶ್ವತ್ಥಮ್ಮ ನಡುಬಾಗಿಲಿನಿಂದ ಕೇಳಿದಳು. ಇಲ್ಲ ಕಣಕ್ಕ, ಖಾಲಿ ಮಾಡಿಕೊಂಡೇ ಬಸ್ಸು ಹತ್ತಿದೆ ಅಂದ ಅವನು, ಪಹಣಿ ಕೆಲಸಕ್ಕೆ ತಾಲ್ಲೂಕು ಕಚೇರಿಗೆ ಹೊರಟುಹೋದ. ಅವಳು ಅಕ್ಕಿ ಆರಿಸುವುದಕ್ಕೆ ಒಳಗೆ ಬಂದಳು. ಮನಸ್ಸು ಮಾತ್ರ ಆ ಕರಿ ನಳಿಗೆಯ ಹತ್ತಿರವೇ ನಿಂತಿತ್ತು. ಎರಡು ಸಲ ಎದ್ದುಹೋಗಿ ಇಣುಕಿದಳು. ಗಂಡ ಸಡಿಲವಾಗಿದ್ದ ತಿರುಪುಗಳನ್ನು ಬಿಗಿದಿದ್ದ, ಕೀಲುಗಳಿಗೆ ಒಂದೊಂದು ತೊಟ್ಟು ಎಣ್ಣೆ ಬಿಟ್ಟಿದ್ದ, ಗುರಿ ನೋಡುವ ತಗಡಿನ ತುಂಡನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸಿದ್ದ. ಎಲ್ಲಾ ಅಚ್ಚುಕಟ್ಟು. ಆಮೇಲೆ ಗಾಳಿ ತುಂಬುವುದಕ್ಕೆ ಶುರುಮಾಡಿದ.

ಔಷಧಿ ಪಂಪಿಗೆ ಲೆಕ್ಕವಿಲ್ಲ. ಕೈಗೆ ಬಿಗಿ ಸಿಗುವವರೆಗೂ ಹೊಡೆಯುವುದೇ ಪದ್ಧತಿ. ಅವನು ಹಾಗೇ ಹೊಡೆದ. ಹತ್ತಾಯಿತು, ಹದಿನೈದಾಯಿತು. ಮರದ ತುಂಡು ಮಡಚುವುದಕ್ಕೆ ಮೊಣಕಾಲು ಕೊಡಬೇಕಾಯಿತು. ಹಿಂದಿನ ಚಿಲಕ ಎಳೆದು, ಗೋಡೆಯ ಕಡೆ ತಿರುಗಿಸಿ, ಗುಂಡು ಹಾರಿಸುವ ಕುದುರೆ ಒತ್ತಿದ. ಟಕ್ ಅಂದಿತು ಅಷ್ಟೆ, ಗಾಳಿ ಬರಲಿಲ್ಲ. ಎಲ್ಲೋ ಸೋರಿಹೋಗಿದೆ ಅಂತ ಅವನು ತಲೆಯಾಡಿಸಿದ್ದನ್ನು ನೋಡಿ ಅಶ್ವತ್ಥಮ್ಮ ಒಳಗೆ ಹೋಗಿ ಅನ್ನಕ್ಕೆ ಎಸರಿಟ್ಟಳು.

ಅಷ್ಟರಲ್ಲಿ ಫೋನು ಬಂತು. ಗಂಗಹನುಮಯ್ಯನೇ. ಅವನ ದನಿಯಲ್ಲಿ ಬೆಳಗಿನ ನಗು ಇರಲಿಲ್ಲ.

"ಅಕ್ಕಾ, ಗುಂಡು ಒಳ್ಗೇ ಸಿಕ್ಕಾಕ್ಕೊಂಡೈತೆ ಅನ್ಸುತ್ತೆ. ನೆನ್ನೆ ಕಡೇ ಸಲ ಹೊಡ್ದಾಗ ಉಸ್ ಅಂತು, ತಗಡು ಅಲ್ಲಾಡ್ಲೇ ಇಲ್ಲ. ಇಲ್ಲಿ ಸಾಲಲ್ಲಿ ನಿಂತಾಗ ಜ್ಞಾಪ್ಕ ಬಂತು. ಎಂಟು ಸಲದ ಮೇಲೆ ಗಾಳಿ ತುಂಬ್ಬೇಡ ಅಂತ್ಲೂ ಹೇಳು. ಜಾಸ್ತಿಯಾದ್ರೆ ಗಾಳಿ ಒಳ್ಗೇ ಬಿಗ್ಕೊಂಡ್ಬುಡ್ತದೆ, ಆಮೇಲೆ ಯಾವಾಗ ಹೊಡೀತದೋ ಗೊತ್ತಾಗಕಿಲ್ಲ."

ಅವಳು ಫೋನನ್ನು ಅಕ್ಕಿಯ ಮೊರದಲ್ಲಿ ಹಾಕಿ ನಡುಬಾಗಿಲಿಗೆ ಬಂದಳು.

ನಾಗಲಿಂಗಯ್ಯ ಅವಳಿಗೆ ಬೆನ್ನು ಮಾಡಿ ಮಣೆಯ ಮೇಲೆ ಕೂತಿದ್ದ. ಗನ್ನಿನ ಹಿಡಿಯನ್ನು ಪಾದಗಳ ನಡುವೆ ನೆಲಕ್ಕೂರಿದ್ದ. ಚಿಲಕವನ್ನು ಇನ್ನೊಂದು ಸಲ ಎಳೆದು ಕೂರಿಸಿದ್ದ. ಪಕ್ಕದಲ್ಲಿ ನೀರಿನ ಬಟ್ಟಲು. ಬೆರಳದ್ದಿ ಬಲಗೆನ್ನೆಗೆ ಸವರಿಕೊಂಡ, ತಲೆ ಬಾಗಿಸಿದ, ನಳಿಗೆಯ ಮೂತಿಯನ್ನು ಕೆನ್ನೆಗೆ ಒತ್ತಿಕೊಂಡ. ಕಣ್ಣು ಮುಚ್ಚಿದ. ಹೆಬ್ಬೆರಳು ಕೆಳಗೆ ಕುದುರೆಯನ್ನು ಹುಡುಕುತ್ತಾ ಜಾರತೊಡಗಿತು.

ಅವಳ ಕೈ ತಾನಾಗಿ ದೀಪದ ಗುಂಡಿಗೆ ಹೋಯಿತು. ಒತ್ತಿದಳು, ಮತ್ತೆ ಒತ್ತಿದಳು. ಕರೆಂಟು ಹೋಗಿತ್ತು.

ಕೂಗಿದರೆ ಕೇಳುವುದಿಲ್ಲ. ಹಿಂದಿನಿಂದ ಹೋಗಿ ಮುಟ್ಟಿದರೆ ಬೆಚ್ಚುತ್ತಾನೆ. ಕಿವಿ ಹೋದಮೇಲೆ ಹೆಗಲು ಮುಟ್ಟಿದರೂ ಮೈಯೆಲ್ಲ ಅದುರುವ ಮನುಷ್ಯ. ಬೆಚ್ಚಿದರೆ ಹೆಬ್ಬೆರಳು ಒತ್ತಿಯೇ ಒತ್ತುತ್ತದೆ. ಅವಳಿಗೆ ಹೊಳೆದದ್ದು ಒಂದೇ. ಬೀದಿ ಬಾಗಿಲಿನಲ್ಲಿ ಗಿರಾಕಿಯ ನೆರಳು ಬಿದ್ದರೆ ಅವನು ನಿಧಾನವಾಗಿ ತಲೆಯೆತ್ತಿ ನೋಡುತ್ತಾನೆ. ದಿನಕ್ಕೆ ಇಪ್ಪತ್ತು ಸಲ ಆಗುವ ಸಂಗತಿ, ಅದಕ್ಕೆ ಬೆಚ್ಚುವುದಿಲ್ಲ. ಆದರೆ ಬೀದಿ ಬಾಗಿಲಿಗೂ ಅವಳಿಗೂ ನಡುವೆ ಅವನೇ ಕೂತಿದ್ದ, ಎರಡೂ ಕಡೆ ಗೋಡೆಯವರೆಗೆ ಪಂಪುಗಳ ರಾಶಿ.

ಹಿತ್ತಲ ಬಾಗಿಲಿನಿಂದ ಹೊರಬಿದ್ದಳು. ಬರಿಗಾಲು. ಓಣಿಯಲ್ಲಿ ಮೂರು ಮನೆ ದಾಟಿ ಬೀದಿಗೆ ಬರಬೇಕು. ಮಂಡಿನೋವಿಗೆ ಮೆಟ್ಟಿಲು ಹತ್ತಲಾರದವಳು ಓಡಿದಳು. ಓಡುವಾಗ ಕಿವಿಯೆಲ್ಲ ಬೆನ್ನಿನ ಕಡೆಗೇ ಇತ್ತು. ಎಲ್ಲೋ ಒಂದು ಸ್ಕೂಟರು ಫಟ್ ಅಂದಾಗ ಅವಳ ಕಾಲು ಅಲ್ಲೇ ನಿಂತುಹೋಯಿತು. ಆ ಸದ್ದು ಸ್ಕೂಟರಿನದು ಅಂತ ತಲೆಗೆ ಹೋಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮತ್ತೆ ಓಡಿದಳು.

ಅಂಗಡಿಯ ಮುಂದೆ ಬಂದವಳು ಉಸಿರು ಬಿಗಿಹಿಡಿದು, ಗಿರಾಕಿಯ ಹಾಗೆ ಒಂದೊಂದೇ ಹೆಜ್ಜೆಯಿಟ್ಟು ಬಾಗಿಲಿಗೆ ಅಡ್ಡ ನಿಂತಳು. ನೆರಳು ಅವನ ಮೊಣಕಾಲಿನ ಮೇಲೆ ಬಿತ್ತು.

ಅವನು ಕಣ್ಣು ತೆರೆದ. ತಲೆಯನ್ನು ಹಿಂದಕ್ಕೆ ತೆಗೆದು ಅವಳನ್ನು ನೋಡಿದ. ಬೀದಿಯಲ್ಲಿ ನಿನಗೇನು ಕೆಲಸ ಅನ್ನುವ ಹಾಗಿತ್ತು ಮುಖ. ಅವಳು ಒಳಗೆ ಬಂದು ಒಂದು ಕೈಯಿಂದ ಬೆರಳು ತೆಗೆ ಅಂತ ಸನ್ನೆ ಮಾಡಿ, ಇನ್ನೊಂದು ಕೈಯಿಂದ ನಳಿಗೆಯನ್ನು ಹಿಡಿದು ಮೂಲೆಯಲ್ಲಿದ್ದ ಮರಳಿನ ಚೀಲದ ಕಡೆಗೆ ತಿರುಗಿಸಿದಳು. ತುಟಿಯನ್ನು ಬಿಡಿಸಿ ಬಿಡಿಸಿ ಹೇಳಿದಳು.

"ಒಳ್ಗೆ ಗುಂಡೈತಂತೆ."

ಅವನಿಗೆ ಅರ್ಥವಾಯಿತು. ಆದರೂ ಮೊದಲು ಬಂದದ್ದು ಹಟ. ಗಾಳಿಯೇ ಇಲ್ಲ, ಗುಂಡಿದ್ದು ಏನು ಮಾಡುತ್ತದೆ, ಗೋಡೆಗೊಂದು ಸಲ, ಕೆನ್ನೆಗೊಂದು ಸಲ ಒತ್ತಿ ನೋಡಿ ಮತ್ತೆ ಚಿಲಕ ಎಳೆದಿದ್ದೇನೆ ಅಂದ. ಹೇಳುತ್ತಲೇ ಮತ್ತೆ ಮೂತಿಯ ಕಡೆ ಬಾಗಿದ, ಕೆನ್ನೆಯಿಟ್ಟು ತೋರಿಸುವುದಕ್ಕೆ. ಅಶ್ವತ್ಥಮ್ಮ ನಳಿಗೆಯನ್ನು ಎರಡೂ ಕೈಯಿಂದ ಹಿಡಿದು ಬಿಡಲಿಲ್ಲ. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಅವನ ಕೆಲಸದ ಸಾಮಾನನ್ನು ಅವಳು ಹಾಗೆ ಹಿಡಿದದ್ದು ಅದೇ ಮೊದಲು.

"ಗಾಳಿ ಐತೋ ಇಲ್ವೋ ತಿಳೀಬೇಕಲ್ಲೇ" ಅಂದ.

"ಕಿವಿಯಿಟ್ಟು ತಿಳ್ಕೊಳಿ."

ಮೂರು ವರ್ಷ ಆಡದೆ ಉಳಿಸಿಕೊಂಡಿದ್ದ ಮಾತು ಬಾಯಿಂದ ಬಿದ್ದಿತ್ತು. ಅವನು ಅವಳ ತುಟಿಯನ್ನೇ ನೋಡುತ್ತಿದ್ದ, ಓದಿಕೊಂಡಿದ್ದ. ಕುದುರೆಯ ಮೇಲಿಂದ ಹೆಬ್ಬೆರಳು ತೆಗೆದ.

"ಕೇಳಕಿಲ್ಲ ಕಣೆ ನಂಗೆ. ನೀನೇ ಕೇಳು" ಅಂದ.

ಅವಳು ಮಂಡಿಯೂರಿ, ಮೂತಿಯಿಂದ ದೂರವಾಗಿ, ಹಿಂಭಾಗದ ಕಬ್ಬಿಣಕ್ಕೆ ಕಿವಿ ತಂದಳು. ಒಳಗೆ ಸಣ್ಣಗೆ ಸುಯ್ಯೆನ್ನುತ್ತಿತ್ತು, ಮಲಗಿದ ಮಗುವಿನ ಉಸಿರಿನಷ್ಟು. ಇಷ್ಟು ಹೊತ್ತೂ ಗಾಳಿ ಗನ್ನಿನೊಳಗೇ ತುಂಬಿಕೊಂಡಿತ್ತು. ಅವಳು ಬೆರಳಲ್ಲಿ ಇದೆ ಅಂತ ತೋರಿಸಿದಳು. ಅವನ ಮುಖದ ಬಣ್ಣ ಹೋಯಿತು.

ಗನ್ನನ್ನು ಚೀಲಕ್ಕೆ ಮುಖ ಮಾಡಿ ಇಟ್ಟಿಗೆಗಳ ನಡುವೆ ಬಿಗಿದಿಟ್ಟು, ಅವನು ತೋಳು ಚಾಚಿ ಕುದುರೆ ಒತ್ತಿದ. ಟಕ್. ಕಾದರು. ಅವಳು ಕಿವಿಯಿಟ್ಟು ಕೇಳಿದಳು, ಇದೆ ಅಂದಳು. ಚಿಲಕ ಎಳೆದು ಮತ್ತೆ ಒತ್ತಿದ. ಟಕ್. ಒಂದೊಂದು ಸಲ ಅವನು ಒತ್ತುವ ಮೊದಲೂ ಅವಳು ಹಿಂದಕ್ಕೆ ಸರಿದುಕೊಳ್ಳುತ್ತಿದ್ದಳು. ಸೋರುತ್ತಾ ಸೋರುತ್ತಾ ಒಳಗಿನ ಬಿಗಿ ಯಾವ ಗಳಿಗೆಯಲ್ಲಿ ಬಿಟ್ಟುಕೊಡುತ್ತದೋ ಹೇಳುವವರಿಲ್ಲ. ಬೀದಿಯಲ್ಲಿ ಹೋಗುವವರು ಇಣುಕಿ ಏನಜ್ಜಿ ಅಂದರೆ ಕೈಯಾಡಿಸಿ ಕಳಿಸಿದಳು.

ಆರನೇ ಸಲ ಹೊಡೆಯಿತು.

ಮರಳಿನ ಚೀಲ ಕುಪ್ಪಳಿಸಿತು. ಗುಂಡು ಅದರ ಮೂಲೆಯನ್ನು ಸೀಳಿಕೊಂಡು ಹಿಂದಿನ ಹಲಗೆಗೆ ಹೊಕ್ಕಿತು. ಮರಳು ಸುರಿಯತೊಡಗಿತು. ಅಶ್ವತ್ಥಮ್ಮ ಕಿವಿ ಮುಚ್ಚಿಕೊಂಡು ಕುಸಿದಳು. ನಾಗಲಿಂಗಯ್ಯ ಚೀಲವನ್ನು ನೋಡಲಿಲ್ಲ, ಅವಳನ್ನು ನೋಡಿದ. ಸದ್ದು ಎಷ್ಟಿತ್ತು ಅಂತ ಅವನಿಗೆ ಗೊತ್ತಾದದ್ದು ಅವಳ ಮುಖದಿಂದ. ಅವನ ಬಲಗೆನ್ನೆಯ ಮೇಲೆ ಎಣ್ಣೆಯ ದುಂಡನೆಯ ಕರಿ ಗುರುತು ಬಳೆಯ ಹಾಗೆ ಮೂಡಿತ್ತು.

ಮಧ್ಯಾಹ್ನ ಬಿಸಿಲಲ್ಲಿ ಓಡೋಡಿ ಬಂದ ಗಂಗಹನುಮಯ್ಯ ಹಲಗೆಯ ತೂತು ನೋಡಿ ಬಾಗಿಲಲ್ಲೇ ನಿಂತುಬಿಟ್ಟ. ತನ್ನದೇ ತಪ್ಪು ಅಂತ ಹೇಳುತ್ತಲೇ ಹೋದ. ನಾಗಲಿಂಗಯ್ಯ ಕೈಯೆತ್ತಿ ತಡೆದ.

"ನಂಗೆ ಕಿವಿ ಕೇಳಕಿಲ್ಲ ಗಂಗಹನುಮ. ಮೂರು ವರ್ಷಾಯ್ತು. ಇನ್ಮೇಲೆ ಏನೇ ಹೇಳೋದಿದ್ರೂ ಇವ್ಳ ಮುಂದೆ ಹೇಳು. ಇದುನ್ನ ನಾಳೆ ಬಿಚ್ತೀನಿ, ಇವ್ಳು ಕೂತ್ಕೊಂಡ್ ಕೇಳಿದ್ರೆ."

ಹೇಳಿ ಮುಗಿಸಿ, ಪಕ್ಕದಲ್ಲಿ ಕಾದಿದ್ದ ಔಷಧಿ ಪಂಪೊಂದನ್ನು ಮುಂದಕ್ಕೆ ಎಳೆದುಕೊಂಡ. ಗಾಳಿ ಹೊಡೆದ. ಬೆರಳು ತಾನಾಗಿ ನೀರಿನ ಬಟ್ಟಲಿಗೆ ಹೋಯಿತು.

ಅಶ್ವತ್ಥಮ್ಮ ಒಳಗೆ ಹೋದಳು. ಎಸರು ಬತ್ತಿ ಪಾತ್ರೆ ಸೀದಿತ್ತು. ಒಲೆ ಆರಿಸಿ, ಅಡುಗೆಮನೆಯ ಮಣೆಯನ್ನು ಎತ್ತಿಕೊಂಡು ಬಂದು, ಅವನಿಗೆ ಕಾಣುವ ಹಾಗೆ ಎದುರಿಗೇ ಹಾಕಿಕೊಂಡು ಕೂತಳು.