ಗಾಡಿ ಸಲುವಾಗಿ ಉಪವಾಸ

ಬುತ್ತಿಚೀಲವನ್ನು ಗಾಡಿಯಲ್ಲಿ ಸಿಗಿಸಿ ಬಂದು, ಉಳಿದ ಹಿಟ್ಟಿಗೆ ರೊಟ್ಟಿ ತಟ್ಟುತ್ತಿದ್ದೆ. ಕಿವಿ ಮಾತ್ರ ಬೀದಿಯ ಕಡೆಗಿತ್ತು. ಹಂಚಿನ ಮೇಲಿನ ರೊಟ್ಟಿ ಉಬ್ಬಿತು, ತಿರುವಿ ಹಾಕಿದೆ. ಗಾಡಿಯ ಸದ್ದಿಲ್ಲ.

“ದೊಡ್ಡಮ್ಮಾ, ಇವತ್ತೂ ಕೈ ಕೊಡ್ತು ನೋಡು!” ಸುಕನ್ಯಾ ಹೊರಗಿನಿಂದ ಕೂಗಿದಳು.

ಸುಕನ್ಯಾ ನನ್ನ ತಂಗಿಯ ಮಗಳು. ತಂಗಿ ತೀರಿಕೊಂಡ ಮೇಲೆ ಚಿತ್ತವಾಡ್ಗಿಯ ಈ ಮನೆಯಲ್ಲಿ ನನ್ನ ಜೊತೆಗೇ ಇದ್ದಾಳೆ. ಎಡಗಾಲಿಗೆ ಚಿಕ್ಕಂದಿನಿಂದ ಬಲವಿಲ್ಲ. ಅದಕ್ಕೇ ಕ್ಲಚ್ ಇಲ್ಲದ, ಬಲಗಾಲೊಂದರಲ್ಲೇ ಓಡಿಸಬಹುದಾದ ಹಳೆಯ ಆಟೋಮ್ಯಾಟಿಕ್ ಕಾರೊಂದನ್ನು ಹುಡುಕಿ ಕೊಂಡಳು. ನಮ್ಮ ಓಣಿಯವರ ಬಾಯಲ್ಲಿ ಅದು ಗೇರಿಲ್ಲದ ಗಾಡಿ.

ಈಗ ಊರೊಳಗಿನ ಶಾಲೆಗೆ ಹೋಗುತ್ತಾಳೆ. ಗಾಡಿ ನಿಂತರೆ ಆಟೋ ಸಿಗುತ್ತದೆ. ಆದರೆ ಸಂಡೂರಿನ ಶಾಲೆಯೊಂದು ದೊಡ್ಡ ತರಗತಿಗಳಿಗೆ ಗಣಿತ ಹೇಳಿಕೊಡಲು ಅವಳನ್ನು ಕರೆದಿತ್ತು. ಓದಿದ್ದಕ್ಕೆ ತಕ್ಕ ಕೆಲಸ. ಒಪ್ಪಿಗೆ ಪತ್ರ ಬರೆದು, ಸಹಿ ಮಾಡಿ, ಲಕೋಟೆ ಅಂಟಿಸಿ ಗಡಿಯಾರದ ಹಿಂದೆ ಸಿಕ್ಕಿಸಿಟ್ಟಿದ್ದಳು. ಬಸ್ಸಿನ ಮೆಟ್ಟಿಲು ಅವಳಿಗೆ ಎತ್ತರ. ಬೆಳಿಗ್ಗೆ ಗಾಡಿ ಮೊಂಡು ಹಿಡಿದರೆ ಗುಡ್ಡದಾಚೆಯ ಸಂಡೂರಿಗೆ ಹೋಗುವುದು ಹೇಗೆ? ತಿಂಗಳ ಕೊನೆಯವರೆಗೆ ಕಾಯುತ್ತೇವೆ ಎಂದು ಶಾಲೆಯವರು ಹೇಳಿದ್ದರು. ತಿಂಗಳು ಮುಗಿಯುತ್ತಾ ಬಂದಿತ್ತು.

ಗಾಡಿಗೆ ರೋಗವೇನೆಂದು ಒಬ್ಬರಿಗೂ ತಿಳಿಯದು. ಚಾವಿ ತಿರುವಿದರೆ ಮುಂದಿನ ದೀಪಗಳೆಲ್ಲ ಹತ್ತುತ್ತವೆ. ಸೆಲ್ಫ್ ಮಾತ್ರ ಉಸಿರೆತ್ತದು. ಎಂಜಿನ್ನನ್ನು ಎಬ್ಬಿಸುವ ಮೋಟರಿಗೆ ಹಾಗೆನ್ನುತ್ತಾರೆ. ಮೆಕ್ಯಾನಿಕ್ ಹಾಲಸ್ವಾಮಿ ಬರುವ ಹೊತ್ತಿಗೆ ಇವಳು ಬುತ್ತಿಚೀಲ ಹೆಗಲಿಗೇರಿಸಿ ಆಟೋ ಹತ್ತಿ ಹೋಗಿರುತ್ತಾಳೆ. ಅವನು ಚಾವಿ ತಿರುವಿದರೆ ಒಂದೇ ಏಟಿಗೆ ಗುರ್ ಎನ್ನುತ್ತದೆ. ಹೊಸ ಬ್ಯಾಟರಿ ಹಾಕಿದ. ವೈರುಗಳನ್ನು ಬಿಚ್ಚಿ ಗಣಿಯ ಕೆಂಧೂಳು ಒರೆಸಿದ. ಮರುದಿನ ಮತ್ತೆ ಅದೇ.

“ಅಮ್ಮಾ, ನನ್ನ ಮುಖ ಕಂಡ್ರ ಚಾಲೂ ಆಗತೈತಿ. ನನ್ನ ಫೋಟೋ ಒಂದು ಒಳಗ ಅಂಟಿಸಿಬಿಡ್ರಿ,” ಅಂದ.

ಗುಟ್ಟು ಕಂಡುಹಿಡಿದವಳು ತಾನೇ ಎಂದು ಪಕ್ಕದ ಮನೆಯ ತಾಯಕ್ಕ ಇವತ್ತಿಗೂ ಹೇಳುತ್ತಾಳೆ.

“ಏ ಸುಕನ್ಯಾ, ಸೋಮವಾರ ಒಮ್ಮೆರ ನಿಂತೈತೇನು? ಇಲ್ಲ. ಅವತ್ತು ನೀ ಉಪವಾಸ. ಗಾಡಿಗೂ ತಿಳೀತೈತಿ ಬಿಡು.”

ನಾವಿಬ್ಬರೂ ನಕ್ಕೆವು. ಆಮೇಲೆ ನೆನಪು ಮಾಡಿಕೊಂಡು ನೋಡಿದರೆ ಅವಳ ಮಾತು ನಿಜ. ಸೋಮವಾರ ಗಾಡಿ ಒಮ್ಮೆಯೂ ನಿಂತಿರಲಿಲ್ಲ. ಪರೀಕ್ಷೆಗೆಂದು ಮಂಗಳವಾರವೂ ಸುಕನ್ಯಾ ಉಪವಾಸವಿದ್ದಳು. ಚಾಲೂ ಆಯಿತು. ಬುಧವಾರವೂ ಊಟ, ಬುತ್ತಿ ಎರಡನ್ನೂ ಬಿಟ್ಟಳು. ಚಾಲೂ!

“ನನಗ ಲೆಕ್ಕ ಹತ್ತವಲ್ದು ದೊಡ್ಡಮ್ಮಾ. ಹೊಟ್ಟಿಗೂ ಎಂಜಿನ್ನಿಗೂ ಏನು ಸಂಬಂಧ?”

“ಸಂಬಂಧ ಇಲ್ಲಂದ್ರ ಉಣ್ಣು ಮತ್ತ.”

“ಉಂಡು, ನಿಂತುಬಿಟ್ರ?”

ದೇವರಿಗಾಗಿ ಉಪವಾಸ ಇರುವವರನ್ನು ಕಂಡಿದ್ದೇನೆ, ಸಿಟ್ಟಿಗೆ ಊಟ ಬಿಟ್ಟವರನ್ನೂ ಕಂಡಿದ್ದೇನೆ. ಗಾಡಿಗಾಗಿ ಹಸಿದು ಕೂತವಳನ್ನು ಕಂಡಿದ್ದು ಅದೇ ಮೊದಲು. ಗುರುವಾರದ ಹೊತ್ತಿಗೆ ಅವಳ ಮುಖ ಬಾಡಿತ್ತು. ನನ್ನ ಕೈಯಲ್ಲಿ ತಡೆಯಲಾಗಲಿಲ್ಲ. ಅವಳಿಗೆ ಹೇಳದೆ ರೊಟ್ಟಿ, ಎಣ್ಣೆಗಾಯಿ, ಒಂದು ದೊಡ್ಡ ಸ್ಟೀಲ್ ಬಾಟಲಿ ಮಜ್ಜಿಗೆ ತುಂಬಿ ಚೀಲವನ್ನು ಗಾಡಿಯಲ್ಲಿ ಸಿಗಿಸಿ ಬಂದೆ. ಆ ಬೆಳಿಗ್ಗೆಯೇ ಗಾಡಿ ಮತ್ತೆ ಕೈ ಕೊಟ್ಟಿದ್ದು.

“ಬುತ್ತಿ ಕಂಡೇ ಮುನಿಸಿಕೊಂಡೈತಿ!” ತಾಯಕ್ಕ ಬಾಗಿಲಲ್ಲಿ ನಿಂತು ಗಲ್ಲಕ್ಕೆ ಕೈಯಿಟ್ಟಳು. ನಗಬೇಕೋ ಹೆದರಬೇಕೋ ನನಗೆ ತಿಳಿಯಲಿಲ್ಲ.

ಸುಕನ್ಯಾ ಈ ಸಲ ಆಟೋ ಕರೆಯಲಿಲ್ಲ. ಶಾಲೆಗೆ ರಜೆ ಹೇಳಿ, ಸೀಟಿನಿಂದ ಏಳದೆ ಹಾಲಸ್ವಾಮಿಗೆ ಫೋನ್ ಮಾಡಿದಳು. ಅವನು ಬಂದು ಬಗ್ಗಿ ನೋಡಿದ.

“ಏನೂ ಮುಟ್ಟಿಲ್ಲಲ್ಲ? ಛಲೋ ಆತು. ಬ್ರೇಕ್ ತುಳಿದು ಚಾವಿ ತಿರುವ್ರಿ.”

ಇಲ್ಲ.

“ಗೇರ್ ‘ಎನ್’ಗೆ, ನ್ಯೂಟ್ರಲ್‌ಗೆ ಹಾಕಿ ತಿರುವ್ರಿ.”

ಗುರ್ ಅಂದಿತು! ಆರಿಸಿ ಮೊದಲಿನ ಹಾಗೆ ಪಾರ್ಕಿಂಗಿನ ‘ಪಿ’ಗೆ ತಂದರೆ ಮತ್ತೆ ಇಲ್ಲ. ಹಾಲಸ್ವಾಮಿ ತಲೆ ಕೆರೆದುಕೊಂಡ. ಆಮೇಲೆ ಗೇರಿನ ಹಿಡಿಗೆ ತೂಗುಬಿದ್ದಿದ್ದ ಚೀಲವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. “ಈಗ?”

ಚಾಲೂ. ಆರಿಸಿ, ಚೀಲ ಬಿಟ್ಟರೆ ಇಲ್ಲ. ಎತ್ತಿದರೆ ಚಾಲೂ.

“ಇದನ್ನ ಇಲ್ಲಿ ಯಾರು ತೂಗು ಹಾಕಿದ್ರಿ?”

“ನಾನೇನಪ್ಪಾ, ದಿನಾ. ಗೇರಿಲ್ಲದ ಗಾಡಿ ಅಲ್ಲೇನು? ಈ ಗೂಟಕ್ಕ ಬ್ಯಾರೆ ಏನು ಕೆಲಸ?”

ಹಾಲಸ್ವಾಮಿ ಬಾನೆಟ್ಟಿಗೆ ಒರಗಿ ನಕ್ಕೇ ನಕ್ಕ. “ಗೇರು ತಾನ ಬದಲಿ ಮಾಡಿಕೊಂತೈತಿ, ಹಂಗಂತ ಗೇರಿಲ್ಲ ಅಂತಲ್ರಿ ಅಮ್ಮಾ. ಗೂಟ ‘ಪಿ’ ಒಳಗ ಪೂರಾ ಕುಂದ್ರಬೇಕು. ಕುಂತಿಲ್ಲಂದ್ರ ಗಾಡಿ ಎಲ್ಲಿ ಜಿಗಿದೀತೋ ಅಂತ ಸೆಲ್ಫ್‌ಗೆ ಕರೆಂಟೇ ಬಿಡಂಗಿಲ್ಲ. ಗೂಟದ ಕೇಬಲ್ ಸಡ್ಲ ಆಗೈತಿ, ಅದರ ಮ್ಯಾಲೆ ನಿಮ್ಮ ಮಜ್ಜಿಗಿ ಜಗ್ಗತೈತಿ. ನಾ ಬರೂ ಹೊತ್ತಿಗೆ ಚೀಲ ಶಾಲಿಗೆ ಹೋಗಿರ್ತಿತ್ತು. ನಾ ಎಲ್ಲಿಂದ ಹಿಡೀಲಿ?”

“ಅಂದ್ರ ಉಪವಾಸ ಇದ್ರ ಚಾಲೂ ಆಗ್ತಿದ್ದದ್ದು ಖರೇನ ಹೌದಲ್ಲ?” ತಾಯಕ್ಕ ಬಿಡಲಿಲ್ಲ.

“ಖರೇನ ತಾಯಕ್ಕ,” ಎಂದು ಸುಕನ್ಯಾ ಬುತ್ತಿ ಬಿಚ್ಚಿ ಅಲ್ಲೇ ರೊಟ್ಟಿ ಮುರಿದಳು. ತಾಯಕ್ಕನ ಮಾತಿನಲ್ಲಿ ತಪ್ಪು ಎಲ್ಲಿದೆ ಎಂದು ನನಗಂತೂ ಹೊಳೆಯಲಿಲ್ಲ.

ಹಾಲಸ್ವಾಮಿ ಕೇಬಲ್ ಬಿಗಿ ಮಾಡಿ ಹೋದ. ಮರುದಿನ ಸುಕನ್ಯಾ ಹೊಟ್ಟೆ ತುಂಬ ಉಂಡಳು. ಬುತ್ತಿ ತುಂಬಿದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನಾನೂ ಗಾಡಿಯಲ್ಲಿ ಕೂತೆ. ಚಾಲೂ ಆಯಿತು. ಆರಿಸಿ ಮತ್ತೆ ತಿರುವಿದಳು. ಆಯಿತು.

“ಗಡಿಯಾರದ ಹಿಂದಿಂದು ತಗೊಂಡು ಬಾ ದೊಡ್ಡಮ್ಮಾ,” ಅಂದಳು.

ಅಂಚೆ ಕಚೇರಿಯ ಮುಂದೆ ಎಂಜಿನ್ ಆರಿಸದೆ ಅವಳು ಒಳಗೇ ಕೂತಳು. ಲಕೋಟೆ ಹಿಡಿದು ನಾನು ಮೆಟ್ಟಿಲು ಹತ್ತಿದೆ. ಕಿಟಕಿಯಾಚೆಯ ಹುಡುಗಿ ಅದನ್ನು ತೂಕಕ್ಕಿಟ್ಟಳು. ಅಷ್ಟರಲ್ಲಿ ಹೊರಗೆ ಎಂಜಿನ್ ಸದ್ದು ನಿಂತುಬಿಟ್ಟಿತು. ತಿರುಗಿ ನೋಡಿದೆ. ಸುಕನ್ಯಾ ಚಾವಿ ಕಿತ್ತು ಬೆರಳಿಗೆ ಸಿಗಿಸಿಕೊಂಡು ಸುಮ್ಮನೆ ಕೂತಿದ್ದಳು. ಅವಳೇ ಆರಿಸಿದ್ದಳು.

“ಅಮ್ಮಾ, ಸಂಡೂರಿಗಲ್ಲೇನ್ರಿ? ಕಳಿಸ್ಲಿ?” ಹುಡುಗಿ ಕೇಳಿದಳು.

ಗಾಡಿ ಮತ್ತೆ ಚಾಲೂ ಆಗುತ್ತದೋ ಇಲ್ಲವೋ, ನನಗೆ ಆಗಲೂ ಖಾತ್ರಿಯಿರಲಿಲ್ಲ.

“ಕಳಸ್ರಿ,” ಎಂದೆ. ಅವಳು ಚೀಟಿ ಅಂಟಿಸಿ ಲಕೋಟೆಯನ್ನು ಬೆನ್ನ ಹಿಂದಿದ್ದ ಅಂಚೆ ಚೀಲಕ್ಕೆ ಹಾಕಿದಳು.