ಮಿರ್ಲಾನ್ ಚೆಂಡನ್ನು ಹಿಂದಕ್ಕೇ ಕೊಡುತ್ತಿದ್ದ

ಓಶ್ ಪಟ್ಟಣದ ಫುಟ್‌ಬಾಲ್ ತಂಡ ಸತತ ನಾಲ್ಕನೇ ಪಂದ್ಯ ಸೋತಿತ್ತು. ಗ್ಯಾರೇಜಿನ ಸಾತಿಬಾಲ್ದಿಗೆ ಕಾರಣ ಗೊತ್ತಿತ್ತು. ಗೊತ್ತಿದೆ ಅಂದುಕೊಂಡಿದ್ದ.

"ನಮ್ಮ ತಂಡದ ಆ ಮಿರ್ಲಾನ್ ಬೇಕೂಂತಲೇ ಸೋಲಿಸ್ತಿದಾನೆ," ಎಂದ ಹೆಂಡತಿ ಬುರುಲ್‌ಗೆ, ಚಹಾ ಹೀರುತ್ತ. "ಚೆಂಡು ಸಿಕ್ಕಿದ್ರೆ ಹಿಂದಕ್ಕೇ ಕೊಡ್ತಾನೆ. ರಾಜಧಾನಿ ತಂಡದವರ ಜೊತೆ ಒಳಗೊಳಗೇ ಮಾತಾಗಿದೆ. ನೋಡ್ತಿರು."

"ಮುಖ ನೋಡಿದ್ರೇ ಗೊತ್ತಾಗುತ್ತಲ್ಲ," ಎಂದಳು ಬುರುಲ್. ಅವಳೂ ಒಂದು ಪಂದ್ಯವನ್ನೂ ತಪ್ಪಿಸುವವಳಲ್ಲ.

ಮಿರ್ಲಾನ್ ಕಾಲಿಗೆ ಚೆಂಡು ಬಂದರೆ ಸಾಕು, ಸಾತಿಬಾಲ್ದಿ ಎರಡು ಬೆರಳು ಬಾಯಿಗಿಡುತ್ತಿದ್ದ. ಅಲ್ಲಿ ಸಿಳ್ಳೆ ಅಂದರೆ ಮುಖಕ್ಕೆ ಉಗಿದ ಹಾಗೆ. ಅವನ ಜೊತೆ ಇಡೀ ಸಾಲು ಸಿಳ್ಳೆ ಹಾಕುತ್ತಿತ್ತು, ಆಮೇಲೆ ಅರ್ಧ ಮೈದಾನ.

ಪಕ್ಕದ ಮನೆಯ ಜಿಪಾರ್ ತಂಡದ ನರ್ಸು. ಒಂದು ಸಂಜೆ ಬೇಲಿಯಾಚೆಯಿಂದಲೇ ಕೇಳಿದಳು, "ಸಾತಿಬಾಲ್ದಿ, ಆ ಹುಡುಗ ಯಾಕೆ ಹಿಂದಕ್ಕೆ ಕೊಡ್ತಾನೆ ಗೊತ್ತಾ?"

"ಗೊತ್ತಿಲ್ದೆ ಏನು."

"ನಿಮ್ಮ ಸಿಳ್ಳೆಗೆ ಹೆದರಿ. ಕೂಗಾಟ ಶುರುವಾದ್ರೆ ಆಡೋರ ಮೈ ಬಿಗಿಯುತ್ತೆ. ತಪ್ಪಾಗಬಾರ್ದು ಅನ್ನೋದು ಬಿಟ್ಟು ತಲೇಲಿ ಬೇರೇನೂ ಓಡಲ್ಲ. ಮುಂದಕ್ಕೆ ಕೊಟ್ರೆ ತಪ್ಪಬಹುದು. ಹಿಂದಕ್ಕೆ ಕೊಟ್ರೆ ಬಚಾವು."

ಸಾತಿಬಾಲ್ದಿ ಅವಳನ್ನು ಓರೆಗಣ್ಣಲ್ಲಿ ನೋಡಿದ. "ನಿನ್ನ ಯಾರು ಕಳಿಸಿದ್ರು ಅಕ್ಕ? ತಂಡದವರಾ?"

"ನನ್ನ ನಂಬಬೇಡ ಬಿಡು. ಶನಿವಾರದ ಪಂದ್ಯಕ್ಕೆ ಕೆಳಗೆ ಮೈದಾನದ ಕಂಬಿ ಪಕ್ಕ ಬಂದು ನಿಂತು ನೋಡು."

ಕಳ್ಳನನ್ನು ಕೈಯಾರೆ ಹಿಡಿಯುವ ಹುರುಪಿನಲ್ಲೇ ಹೋದ.

ಮಿರ್ಲಾನ್‌ಗೆ ಚೆಂಡು ಬಂತು. ಮೇಲಿನಿಂದ ಸಿಳ್ಳೆ ಸುರಿಯಿತು. ಕೆಳಗೆ ನಿಂತವನ ಕಿವಿಗೆ ಅದು ತಗಡಿನ ಮೇಲೆ ಕಲ್ಲು ಬಿದ್ದಂತೆ ಕೇಳಿತು. ಮುಂದೆ ಜೊತೆಗಾರ ಒಬ್ಬನೇ ನಿಂತು ಕೈ ಬೀಸುತ್ತಿದ್ದ. ಮಿರ್ಲಾನ್ ಅವನನ್ನು ನೋಡಿದ, ಆದರೂ ಚೆಂಡನ್ನು ಹಿಂದಕ್ಕೆ ತಳ್ಳಿದ. ಆಮೇಲೆ ತನಗೆ ಯಾರೂ ಚೆಂಡು ಕೊಡಲಾಗದ ಹಾಗೆ ಎದುರಾಳಿಯ ಬೆನ್ನ ಹಿಂದೆ ಹೋಗಿ ನಿಂತ.

ಚೆಂಡು ಹೊರಗೆ ಹೋದಾಗ ಗೆರೆಯ ಬಳಿ ಬಂದು ಜಿಪಾರ್‌ಳನ್ನು ಮೆಲ್ಲಗೆ ಕೇಳಿದ, "ಅಕ್ಕ, ಮುಗಿಯೋಕೆ ಇನ್ನೆಷ್ಟು ಹೊತ್ತು?"

ಆ ಮಾತು ಸಾತಿಬಾಲ್ದಿಯ ಕಿವಿಗೂ ಬಿತ್ತು. ಮೋಸ ಮಾಡುವವನು ಹೀಗೆ ಗಳಿಗೆ ಎಣಿಸಲಾರ ಅನ್ನಿಸಿತು. ಅವತ್ತೂ ತಂಡ ಸೋತಿತು.

ಮನೆಯಲ್ಲಿ ಹೇಳಿದಾಗ ಬುರುಲ್ ನಂಬಲಿಲ್ಲ. "ಜಿಪಾರ್ ಏನು ಮಂಕುಬೂದಿ ಎರಚಿದ್ಲು ನಿಂಗೆ?"

ಮುಂದಿನ ಪಂದ್ಯದಲ್ಲಿ ಅವನು ಬೆರಳು ಬಾಯಿಗಿಡಲಿಲ್ಲ. ಪಕ್ಕದವನು ಮೇಲಿಂದ ಕೆಳಗೆ ನೋಡಿ, "ನಿನ್ನನ್ನೂ ಬುಟ್ಟಿಗೆ ಹಾಕ್ಕೊಂಡ್ರಾ?" ಎಂದ.

ಅಷ್ಟರಲ್ಲಿ ಮಿರ್ಲಾನ್ ಒಂದು ಚೆಂಡನ್ನು ಮುಂದಕ್ಕೆ ಕೊಟ್ಟ. ಅದು ಗುರಿ ತಪ್ಪಿ ನೇರ ಹೊರಗೆ ಹೋಯಿತು. ಸಿಳ್ಳೆ ಎದ್ದಿತು. ಸಾತಿಬಾಲ್ದಿ ಎದ್ದು ನಿಂತು ಚಪ್ಪಾಳೆ ತಟ್ಟಿದ. ಒಬ್ಬನೇ. ಬುರುಲ್‌ಗೆ ನಾಚಿಕೆಯಾಯಿತು. ಕೆಳಗೆ ತಲೆ ತಗ್ಗಿಸಿ ನಿಂತ ಹುಡುಗನನ್ನು ನೋಡಿದಳು. ತಿನ್ನುತ್ತಿದ್ದ ಸೂರ್ಯಕಾಂತಿ ಬೀಜ ಜೇಬಿಗೆ ಸುರಿದುಕೊಂಡು ಅವಳೂ ತಟ್ಟಿದಳು. ಹಿಂದಿನ ಸಾಲಿನಿಂದ ಇನ್ನಿಬ್ಬರು. ಸಿಳ್ಳೆ ನಿಲ್ಲಲಿಲ್ಲ, ತೆಳುವಾಯಿತು.

ಮಿರ್ಲಾನ್ ತಲೆ ಎತ್ತಿದ. ಮರುಗಳಿಗೆಯೇ ಕೈ ಎತ್ತಿ ಇನ್ನೊಮ್ಮೆ ಚೆಂಡು ಕೇಳಿದ.

ಪಂದ್ಯ ಸಮವಾಯಿತು, ತಂಡ ಗೆಲ್ಲಲಿಲ್ಲ. ದಾರಿಯಲ್ಲಿ ಬುರುಲ್ ಅಂದಳು, "ಪಾಪ, ಇಷ್ಟು ದಿನ ನಾವೇ ಅವನನ್ನ ಕಟ್ಟಿಹಾಕಿದ್ವಿ."

ಆಟ ನೋಡಲು ಹೋಗುವ ಅಣ್ಣಂದಿರೇ, ಅಕ್ಕಂದಿರೇ, ಆಟ ಸರಿ ಇಲ್ಲ ಅನ್ನಿಸಿದರೆ ಪಂದ್ಯ ಮುಗಿದ ಮೇಲೆ ಹೇಳಿ, ಖಡಾಖಂಡಿತವಾಗಿಯೇ ಹೇಳಿ. ನಿಮ್ಮ ಆಟಗಾರನ ಕಾಲಲ್ಲಿ ಚೆಂಡಿರುವಾಗ ಮಾತ್ರ ಕೂಗಿ ಹೆದರಿಸಬೇಡಿ. ಅವನ ಎದುರು ಆಗಲೇ ಹನ್ನೊಂದು ಜನ ಇದ್ದಾರೆ. ಹನ್ನೆರಡನೆಯವರು ನೀವಾಗಬೇಡಿ.